ಅಮೆರಿಕದ ಮಳೆ, ತಾವರೆಕೆರೆಯ ಬೆಳೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳನ್ನು ಮೂರೇ ಇಂಗ್ಲಿಷ್ ಅಕ್ಷರಕ್ಕೆ ಇಳಿಸಿದ ಬಡಾವಣೆ ನಮ್ಮ ಬಿಟಿಎಂ. ಐಟಿ ಬಂದು ಹಳ್ಳಿಗಳು ಹೋದವು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಓನರ್ ಇನ್ನೂ ಹಳ್ಳಿಯಲ್ಲೇ ಇದ್ದಾರೆ. ಅವರ ಹೊಲದಲ್ಲಿ ಈಗ ನಾವಿದ್ದೇವೆ, ಅಷ್ಟೇ.

ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ. ಕೆಳಗೆ ಓನರ್ ಸಂಸಾರ, ಪಕ್ಕದಲ್ಲಿ ನಮ್ಮದು, ಮೇಲೆಲ್ಲ ಪಿಜಿ. ಬಾಲ್ಕನಿ ಸರಳಿನ ತುಂಬಾ ಜೀನ್ಸು, ಟವೆಲ್ಲು, ನಡುವೆ ಯಾರೋ ಮರೆತುಹೋದ ಐಡಿ ಕಾರ್ಡು. ರಾತ್ರಿ ಎರಡಕ್ಕೂ ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ನಾಲ್ಕು ಭಾಷೆಯಲ್ಲಿ ಫೋನು.

ಅವರಪ್ಪ ಆಕಾಶ ನೋಡಿ ಬಿತ್ತುತ್ತಿದ್ದರು. ಇವರು ಬೆಳಗ್ಗೆ ಲುಂಗಿ ಎತ್ತಿ ಕಟ್ಟಿ, ಗೇಟಿನ ಕಟ್ಟೆ ಮೇಲೆ ಕೂತು ಅಮೆರಿಕ ನೋಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂದಾಗ ಇಡೀ ಪಿಜಿಯೇ ಮಂಕಾಗಿತ್ತು. ಓನರ್ ಮುಖದಲ್ಲಿ ಮಾತ್ರ ಮುಂಗಾರಿನ ಕಳೆ.

"ಟ್ರಂಪ್ ಒಳ್ಳೇ ಕೆಲ್ಸ ಮಾಡ್ದ ಬಿಡಿ ಸಾರ್. ಹುಡುಗ್ರು ಎಲ್ಲೂ ಹೋಗಲ್ಲ, ಇಲ್ಲೇ ಇರ್ತಾರೆ."

ಕೋಡ್ ಬರೆಯಲು ಬರದಿದ್ದರೂ ಅವರಿಗೆ ಬಾರದ ಐಟಿ ಮಾತಿಲ್ಲ. "ಮೂರ್ನೇ ಫ್ಲೋರಿನವ್ನು ಬೆಂಚಲ್ಲವ್ನೆ, ಈ ತಿಂಗ್ಳು ಬಾಡಿಗೆ ಲೇಟು" ಎಂದು ನಿಟ್ಟುಸಿರು ಬಿಡುತ್ತಾರೆ. 2020ರಲ್ಲಿ ವರ್ಕ್ ಫ್ರಂ ಹೋಮ್ ಬಂದು ಹುಡುಗರೆಲ್ಲ ಊರಿಗೆ ಹೋದರಲ್ಲ, ಅದು ಅವರ ಲೆಕ್ಕದಲ್ಲಿ ರೋಗವಲ್ಲ, ಬರಗಾಲ. ಹಳದಿ ಮೆಟ್ರೋ ಓಡಿದ್ದು 2025ರ ಆಗಸ್ಟಿನಲ್ಲಿ; ಆರ್.ವಿ. ರೋಡಿನಿಂದ ಬಿಟಿಎಂ, ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ. ನಮ್ಮ ಬಾಡಿಗೆ ಮಾತ್ರ ಮೊದಲ ಕಂಬ ಎದ್ದಾಗಲೇ ಹೊರಟಿತ್ತು. ಅದಕ್ಕೆ ಸ್ಟಾಪೇ ಇಲ್ಲ.

ಹತ್ತು ತಿಂಗಳ ಅಡ್ವಾನ್ಸಿನಲ್ಲಿ ಒಂದು ರೂಪಾಯಿ ಬಿಡದ ಈ ಮಹಾನುಭಾವರ ಮನಸ್ಸು ಕರಗೀತೇನೋ ಎಂದು ಒಂದು ಭಾನುವಾರ ಮಡಿವಾಳದ ಸೋಮೇಶ್ವರ ದೇವಸ್ಥಾನದ ಕಥೆ ತೆಗೆದೆ. ಸಿಲ್ಕ್ ಬೋರ್ಡಿನ ಹಾರ್ನು ಕೇಳಿಸುವಷ್ಟು ಹತ್ತಿರದಲ್ಲೇ ಚೋಳರ ಕಾಲದ ಗುಡಿ ಇದೆ ಎಂದರೆ ಪಿಜಿ ಹುಡುಗರು ನಂಬುವುದಿಲ್ಲ. ಅದರ ಹೊರಗೋಡೆ ಮೇಲೆ ತಮಿಳು ಶಾಸನಗಳಿವೆ. 1247ರ ಒಂದರಲ್ಲಿ 'ವೆಂಗಳೂರಿನ' ದೊಡ್ಡ ಕೆರೆಯ ಕೆಳಗಿನ ಜಮೀನು ದಾನ ಬಿಟ್ಟ ಲೆಕ್ಕ ಇದೆ. ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲು!

"ನೋಡಿ, ಆ ಕಾಲದವರು ಜಮೀನನ್ನೇ ಬಿಟ್ಟುಕೊಟ್ಟರು" ಎಂದು ಒತ್ತಿ ಹೇಳಿದೆ.

ಓನರ್ ಕಣ್ಣರಳಿಸಿದರು. "ಕೆರೆ ಕೆಳಗಾ? ಗದ್ದೆ ಜಮೀನು! ಎಷ್ಟು ಗುಂಟೆ ಅಂತ ಬರ್ದವ್ರಾ?"

"ಅಳತೆ ಕೇಳಬೇಡಿ, ಭಾವನೆ ನೋಡಿ."

"ಅಲ್ಲ ಸಾರ್, ಎ ಖಾತೆನೋ ಬಿ ಖಾತೆನೋ?"

ನಾನು ಸುಮ್ಮನಾದೆ. ಅವರು ಕಾಫಿ ಮುಗಿಸಿ, ಲೋಟ ಪಕ್ಕಕ್ಕಿಟ್ಟು, ಮೆಚ್ಚುಗೆಯಿಂದ ತಲೆದೂಗಿದರು. "ಆದ್ರೂ ಕಲ್ಲಲ್ಲಿ ಕೊರೆಸಿದ್ದು ಜಾಣತನ. ಪೇಪರ್ ಆಗಿದ್ರೆ ಇಷ್ಟೊತ್ತಿಗೆ ಆಫೀಸ್ನಲ್ಲಿ ಫೈಲೇ ಸಿಕ್ತಿರ್ಲಿಲ್ಲ."