ಒಬ್ರೇನಾ ಮೇಡಂ?

(ಚಿತ್ರದುರ್ಗ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಲಾಡ್ಜು. ರಾತ್ರಿ ಒಂಬತ್ತು.)

"ಸಿಂಗಲ್ ರೂಮ್ ಇದೆಯಾ?"

"ಐತೆ ಮೇಡಂ. ಎಷ್ಟು ಜನ?"

"ಸಿಂಗಲ್ ಅಂದೆನಲ್ಲ."

"ಅದೇ, ಜೊತೆಗ್ಯಾರು?"

"ಈ ಬ್ಯಾಗು."

"ಹಂಗಲ್ಲ. ಯಜಮಾನ್ರು?"

"ಹೊಸದುರ್ಗದ ತೋಟದಲ್ಲಿದ್ದಾರೆ. ತ್ರೀಫೇಸ್ ಕರೆಂಟು ರಾತ್ರಿನೇ ಬರೋದು, ನೀರು ಬಿಡಬೇಕು."

"ಹಂಗಾರೆ ಫೋನ್ ಮಾಡ್ಕೊಡಿ, ಒಂದ್ಮಾತು ಕೇಳ್ತೀನಿ."

"ಅವರು ಬಂದಾಗ ನನ್ನನ್ನ ಕೇಳ್ತೀರಾ?"

ಮ್ಯಾನೇಜರು ರಿಜಿಸ್ಟರ್ ತೆರೆದರು. 'ಬಂದ ಕಾರಣ' ಕಾಲಮಿನಲ್ಲಿ ಗಂಡಸರೆಲ್ಲ 'ಸ್ವಂತ ಕೆಲಸ' ಎಂದು ಗೀಚಿದ್ದರು.

"ನೀವ್ ಬಂದಿದ್ದು?"

"ಸ್ವಂತ ಕೆಲಸ."

"ಅಂದ್ರೆ?"

"ಬೆಳಿಗ್ಗೆ ಕೋಟೆ ನೋಡ್ಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅಲ್ವಾ, ಬಂದೆ."

"ಬಸ್ಸಿನ ಮಾತು ಬೇರೆ. ಅದು ಓಡ್ತಿರುತ್ತೆ. ಲಾಡ್ಜು ಒಂದೇ ಕಡೆ ನಿಂತಿರುತ್ತೆ, ನಾಕು ಜನ ನೋಡ್ತಾರೆ. ಲೇಡೀಸಿಗೆ ನಾವು ಡಬಲ್ ರೂಮೇ ಕೊಡೋದು, ಬಾಡಿಗೆನೂ ಡಬಲ್ಲು. ಎಲ್ಲಾ ನಿಮ್ ಸೇಫ್ಟಿಗೆ."

"ಚಿಲಕ ಗಟ್ಟಿ ಇದೆಯಾ?"

"ಸ್ವಲ್ಪ ಸಡ್ಲ. ಕುರ್ಚಿ ಒತ್ತಿಟ್ಕಳಿ."

(ವಿಚಾರಣೆಗಿದ್ದ ಗಟ್ಟಿತನದಲ್ಲಿ ಕಾಲುಭಾಗ ಆ ಚಿಲಕಕ್ಕಿದ್ದಿದ್ದರೆ ಸಾಕಿತ್ತು.)

"ಆ ಕ್ಯಾಲೆಂಡರಿನಲ್ಲಿ ಯಾರು?"

ಮ್ಯಾನೇಜರ ಎದೆ ಉಬ್ಬಿತು. "ಗೊತ್ತಿಲ್ವಾ? ಒನಕೆ ಓಬವ್ವ! ಗಂಡ ಉಣ್ಣಕ್ಕೆ ಕೂತಿದ್ದಾಗ ಹೈದರಾಲಿ ಸೈನಿಕರನ್ನ ಒಬ್ಳೇ ಕಿಂಡಿ ಹತ್ರ ಬಡಿದು ಹಾಕಿದ ಮಹಾತಾಯಿ. ನವೆಂಬರ್ 11ಕ್ಕೆ ಜಯಂತಿ. ನಮ್ಮ ಸ್ಟೇಡಿಯಮ್ಮಿಗೂ ಅವಳ ಹೆಸರೇ."

"ಈಗ ಅವಳೇ ಬಂದು ರೂಮ್ ಕೇಳಿದ್ರೆ?"

ಅವರು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದರು.

"ಆಧಾರ್ ಬೇಕು. ಒನಕೆ ಕೌಂಟರಲ್ಲೇ ಬಿಡಬೇಕು. ಗಂಡ ಉಂಡು ಬರೋ ತನಕ ಆ ಬೆಂಚಲ್ಲಿ ಕೂತಿರ್ಲಿ."