ಫೀಸು ನಮ್ಮದು, ಮಾರ್ಕ್ಸು ಅವನದು

ಅಮೆರಿಕದಲ್ಲಿ ಫೆರ್ಪಾ ಅಂತ ಒಂದು ಕಾನೂನಿದೆ, 1974ರದು. ಮಕ್ಕಳಿಗೆ 18 ತುಂಬಿತೋ, ಕಾಲೇಜು ಸೇರಿದರೋ, ಅಲ್ಲಿಂದಾಚೆಗೆ ಅವರ ಓದಿನ ದಾಖಲೆಗಳಿಗೆಲ್ಲ ಅವರೇ ಯಜಮಾನರು. ಮಾರ್ಕ್ಸ್ ಎಷ್ಟು, ಯಾವ ಸಬ್ಜೆಕ್ಟು ಡುಮ್ಕಿ ಅಂತ ಹೆತ್ತವರು ವಿಚಾರಿಸಿದರೆ, 'ನಿಮ್ಮ ಮಗ ಒಪ್ಪಿ ಸಹಿ ಮಾಡಿದ್ದಾನಾ?' ಅಂತ ಕಾಲೇಜಿನವರು ಬಹಳ ವಿನಯದಿಂದ ಕೇಳುತ್ತಾರೆ. ಫೀಸಿನ ಬಿಲ್ಲಿಗೆ ಮಾತ್ರ ಈ ಗುಟ್ಟೆಲ್ಲ ಇಲ್ಲ. ಅದನ್ನು ನನ್ನ ಮಗರಾಯ ಯಾರ ಬಲವಂತವೂ ಇಲ್ಲದೆ, ಒಂದು ನಿಮಿಷವೂ ತಡಮಾಡದೆ, ನನಗೆ ಕಳಿಸಿಕೊಡುತ್ತಾನೆ.

ನಾನು ಕನಕಪುರದ ಕಡೆಯವನು. ಎಸ್. ಕರಿಯಪ್ಪನವರು ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿಯ ಕಾಲೇಜಿನಲ್ಲಿ ಓದಿದವನು. ನಮ್ಮ ಪಿಯುಸಿ ರಿಸಲ್ಟನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದಷ್ಟೇ, ನಾನು ಸೈಕಲ್ ತುಳಿದು ಊರು ಮುಟ್ಟುವುದರೊಳಗೆ ಸುದ್ದಿ ಮನೆಗೆ ಹೋಗಿ ಕಾಫಿ ಕುಡಿದು ಕೂತಿತ್ತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವರಿಗೆ ನನ್ನ ಫಿಸಿಕ್ಸ್ ಮಾರ್ಕ್ಸ್ ಗೊತ್ತು. ಪ್ಯಾಂಟಿನ ಅಳತೆ ಹಿಡಿಯುತ್ತಿದ್ದ ದರ್ಜಿ, 'ಕೆಮಿಸ್ಟ್ರಿ ಯಾಕ್ ಕೈ ಕೊಡ್ತು ಮಗ?' ಅಂತ ಸೊಂಟ ತಟ್ಟಿ ಕೇಳಿದ. ಇಡೀ ತಾಲ್ಲೂಕಿಗೇ ನನ್ನ ಮಾರ್ಕ್ಸಿನ ಮೇಲೆ ಹಕ್ಕಿತ್ತು. ಈಗ ನನ್ನ ಮಗನ ಮಾರ್ಕ್ಸಿನ ಮೇಲೆ ನನಗೇ ಹಕ್ಕಿಲ್ಲ. ಒಂದೇ ತಲೆಮಾರಿನಲ್ಲಿ ಎರಡೂ ಕಡೆಯಿಂದ ಏಟು ತಿಂದವರು ನಾವು.

ಅವನು ಕಾಲೇಜಿಗೆ ಹೋಗಿದ್ದಾದರೂ ಎಲ್ಲಿಗೆ? ನಾವಿರುವ ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಅರ್ಬಾನಾ-ಶಾಂಪೇನ್‌ಗೆ. ಎರಡು, ಎರಡೂವರೆ ಗಂಟೆಯ ದಾರಿ. ಬಿಡುವಾದಾಗ ಹೋಗಿ ಊಟ ಕೊಟ್ಟು ಬರಬಹುದಾದ ದೂರ. ಆದರೂ ನನ್ನ ಹೆಂಡತಿ ಆ ಬೇಸಿಗೆಯಿಡೀ ಹುಡುಗ ಯುದ್ಧಕ್ಕೆ ಹೊರಟವನೋ ಎಂಬಂತೆ ಮೂಟೆ ಕಟ್ಟಿದಳು. ಹಾಸ್ಟೆಲಿನ ಮಂಚ ಟ್ವಿನ್ ಎಕ್ಸ್‌ಎಲ್, ಅಂದರೆ ಮಾಮೂಲಿಗಿಂತ ಐದಿಂಚು ಉದ್ದ, 80 ಇಂಚು. ಅದಕ್ಕೆ ಮನೆಯ ಒಂದು ಬೆಡ್‌ಶೀಟೂ ಆಗುವುದಿಲ್ಲ, ಎಲ್ಲ ಹೊಸದಾಗಿ ಕೊಳ್ಳಬೇಕು. ಆ ಐದಿಂಚು ಎಷ್ಟು ಅಂಗಡಿಗಳನ್ನು ಸಾಕುತ್ತಿದೆಯೋ ದೇವರೇ ಬಲ್ಲ. ಅದರ ಮೇಲೆ ಸಾರಿನ ಪುಡಿ, ಚಟ್ನಿಪುಡಿ, ಹುರುಳಿಕಾಳು, ಕೋಡುಬಳೆ, ಒಂದು ಡಬ್ಬ ರಾಗಿಹಿಟ್ಟು. ಪುಟ್ಟ ಕುಕ್ಕರನ್ನೂ ಟವೆಲ್ಲಿನಲ್ಲಿ ಸುತ್ತಿ ಇಟ್ಟಿದ್ದಳು. ಹಾಸ್ಟೆಲಿನ ನಿಯಮದ ಪಟ್ಟಿಯಲ್ಲಿ ರೂಮಿನೊಳಗೆ ತರಬಾರದ ವಸ್ತುಗಳ ಸಾಲಿನಲ್ಲಿ ಮೇಣದಬತ್ತಿ, ಊದುಬತ್ತಿ, ಕುಕ್ಕರು ಒಟ್ಟಿಗೇ ಇದ್ದವು. 'ಇವರೇನು ಓದಿಸುತ್ತಾರೋ ಸನ್ಯಾಸ ಕೊಡುತ್ತಾರೋ' ಅಂದಳು. ಸನ್ಯಾಸಿಗಳಿಗೆ ಊದುಬತ್ತಿಯಾದರೂ ಇರುತ್ತೆ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ.

ಅವಳು ಚನ್ನಪಟ್ಟಣದವಳು. ಪೆಟ್ಟಿಗೆಯ ತಳದಲ್ಲಿ ಗುಟ್ಟಾಗಿ ಇನ್ನೊಂದು ವಸ್ತು ಸೇರಿತ್ತು: ಅವನು ಆರು ತಿಂಗಳ ಕೂಸಾಗಿದ್ದಾಗ ಅವನ ಅಜ್ಜಿ ತಂದುಕೊಟ್ಟ ಗಿಲಕಿ. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟದ್ದು. ಕೆಂಪು ಪಟ್ಟಿಯ ಮೇಲೆ ಅವನ ಮೊದಲ ಎರಡು ಹಲ್ಲಿನ ಗುರುತು ಈಗಲೂ ಇದೆ. ಬಣ್ಣ ಮಾತ್ರ ಒಂದಿಷ್ಟೂ ಕಿತ್ತಿಲ್ಲ. ಮಗ ಅದನ್ನು ಹುಡುಕಿ ತೆಗೆದು, 'ಅಮ್ಮ, ಪ್ಲೀಸ್' ಅಂತ ವಾಪಸ್ ಅವಳ ಕೈಗಿಟ್ಟ. ಹುಡುಗಿಯರು ಓಡಾಡುವ ಜಾಗದಲ್ಲಿ 18 ವರ್ಷದ ಗಂಡಸಿನ ಮೇಜಿನ ಮೇಲೆ ಗಿಲಕಿ ಇರಬಾರದಂತೆ. ನ್ಯಾಯವೇ. ಅವಳು ಅದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಐ-57 ಹೆದ್ದಾರಿಯುದ್ದಕ್ಕೂ ಬ್ಯಾಗು ಕುಲುಕಿದಾಗೆಲ್ಲ ಗಿಲ್ ಗಿಲ್ ಅನ್ನಿಸುತ್ತಾ ಕೂತಳು.

ಆ ದಾರಿಯೂ ದುಃಖಕ್ಕೆ ಹೇಳಿ ಮಾಡಿಸಿದ್ದಲ್ಲ. ಎರಡೂ ಕಡೆ ಮುಸುಕಿನ ಜೋಳ, ಅದು ಮುಗಿದರೆ ಸೋಯಾ, ಅದು ಮುಗಿದರೆ ಮತ್ತೆ ಜೋಳ. ಇಡೀ ಇಲಿನಾಯ್ ರಾಜ್ಯದ ಅತಿ ಎತ್ತರದ ಜಾಗ ಚಾರ್ಲ್ಸ್ ಮೌಂಡ್, 376 ಮೀಟರು. ನಮ್ಮ ಸಾವನದುರ್ಗ 1226. ರಾಮನಗರದ ಬಂಡೆಗಳ ನಡುವೆ ಬೆಳೆದವರಿಗೆ ಅಳು ಬಂದರೆ ಕಣ್ಣು ನೆಡಲು ಒಂದು ಬೆಟ್ಟವಾದರೂ ಬೇಕು. ರಮೇಶ್ ಸಿಪ್ಪಿ 'ಶೋಲೆ' ತೆಗೆಯಲು ಅಷ್ಟು ದೂರದಿಂದ ರಾಮದೇವರಬೆಟ್ಟಕ್ಕೆ ಬಂದದ್ದು ಸುಮ್ಮನೆ ಅಲ್ಲ. ಜೋಳದ ಹೊಲದಲ್ಲಿ ಗಬ್ಬರ್ ಸಿಂಗ್ ನಿಂತಿದ್ದರೆ ಯಾರು ಹೆದರುತ್ತಿದ್ದರು?

ಇನ್ನು ಆ ಕೊನೆಯ ಬೇಸಿಗೆಯ ಊಟದ ಕಥೆ. ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಬೆಳೆಯುತ್ತಿದ್ದರು. ನಾಲ್ಕು ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಏನು ಮಾಡುತ್ತೆ ಅಂತ ಕನಕಪುರ, ರಾಮನಗರದ ಕಡೆಯವರಿಗೆ ಹೇಳಬೇಕಿಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕಿಂತ ಹೆಚ್ಚನ್ನು ಅದು ಆ ಕೊನೆಯ ಒಂದು ವಾರದಲ್ಲಿ ಮುಗಿಸುತ್ತದೆ. ನಡುರಾತ್ರಿ ಎದ್ದು ಸೊಪ್ಪು ಹಾಕಬೇಕು. ಹುಳು ಮನೆಯೊಳಗೆ, ನಾವು ಜಗಲಿ ಮೇಲೆ. ನನ್ನ ಮಗನೂ ಹೊರಡುವ ಮುಂಚಿನ ಎರಡು ತಿಂಗಳು ಹಾಗೇ ಎದ್ದ. ರಾತ್ರಿ ಒಂದು ಗಂಟೆಗೆ ಫ್ರಿಜ್ಜಿನ ಬಾಗಿಲು, ಎರಡು ಗಂಟೆಗೆ ಮೈಕ್ರೋವೇವ್. ಗ್ಯಾಲನ್‌ಗಟ್ಟಲೆ ಹಾಲು ಕಾಣೆ. ಹೆಂಡತಿ ಕಣ್ಣೊರೆಸಿಕೊಂಡು ದೋಸೆ ಹಾಕುತ್ತಲೇ ಇದ್ದಳು. ಮುದ್ದೆ ಒಂದು ಬಿಟ್ಟು ಏನು ಕೊಟ್ಟರೂ ತಿನ್ನುತ್ತಿದ್ದ. ಮುದ್ದೆ ಕಂಡರೆ ಮಾತ್ರ ಹುಟ್ಟಿದಾಗಿನಿಂದ ಮೂಗು ಮುರಿಯುವವನು. 'ಇದನ್ನ ಅಗೀಬಾರದು ಅಂದ್ರೆ ಊಟ ಯಾಕೆ ಅಂತಾರೆ?' ಅನ್ನುವುದು ಅವನ ತಕರಾರು.

ಅವನನ್ನು ಬಿಟ್ಟು ಬಂದ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮನೆ ಬಿಕೋ ಅನ್ನುತ್ತಿದೆ ಅಂದೆ. ಅಪ್ಪ ಗಂಟಲು ಸರಿಮಾಡಿಕೊಂಡು, 'ಬೆಳೆ ಎತ್ತಿದ್ಮೇಲೆ ಏನ್ ಮಾಡ್ತಾರ್ಲಾ? ಮನೆ ತೊಳೆದು, ಬ್ಲೀಚಿಂಗ್ ಪೌಡರ್ ಹಾಕಿ, ಬಾಗ್ಲು ಮುಚ್ಚು' ಅಂದರು. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ತಿಂಗಳಿಡೀ ಸಾಕಿದ್ದನ್ನು ಹೊತ್ತೊಯ್ದು, ಹರಾಜು ಮುಗಿಸಿ, ಖಾರಾಬೂಂದಿ ಪೊಟ್ಟಣ ಹಿಡಿದು ನಗುನಗುತ್ತಾ ಬರುತ್ತಿದ್ದ ಮನುಷ್ಯ. ಪಕ್ಕದಿಂದ ಅವ್ವ ಫೋನು ಕಿತ್ತುಕೊಂಡಳು. 'ನೀನು ಅಮೇರಿಕಕ್ಕೆ ಹೋದಾಗ ನಾವೇನ್ ಸತ್ತೋದ್ವೇನ್ಲಾ? ಎರಡ್ ಗಂಟೆ ದಾರೀಗೆ ಇಷ್ಟೊಂದ್ ಅಳ್ತೀಯಲ್ಲ!'

ಉತ್ತರ ಹೇಳಲು ನನ್ನ ಹತ್ತಿರ ಏನಿತ್ತು? 1999ರಲ್ಲಿ, ಕಂಪ್ಯೂಟರುಗಳಿಗೆಲ್ಲ ವೈಟೂಕೆ ಭಯ ಹಿಡಿದಿದ್ದ ಕಾಲದಲ್ಲಿ, ಹಳೇ ಎಚ್‌ಎಎಲ್ ಏರ್‌ಪೋರ್ಟಿನಿಂದ ಹೊರಟವನು ನಾನು. ನಮ್ಮ ಮನೆಗೆ ಫೋನಿರಲಿಲ್ಲ. ಎರಡು ಮನೆ ಆಚೆ ಇದ್ದ ಪಿ.ಪಿ. ನಂಬರಿಗೆ ಕಾಲಿಂಗ್ ಕಾರ್ಡಿನಿಂದ ಹಚ್ಚಬೇಕು. ಅವರು ಹೋಗಿ ಕರೆಯಬೇಕು. ಅಪ್ಪ ಗದ್ದೆಯಿಂದ ಓಡಿ ಬಂದು ಏದುಸಿರಿನಲ್ಲಿ, 'ಎಲ್ಲಾ ಚೆಂದಾಗವ್ರೆ, ದುಡ್ಡಾಯ್ತದೆ, ಮಡಗ್ಲಾ?' ಅಂತ ಇಟ್ಟೇಬಿಡುತ್ತಿದ್ದರು. ಅಷ್ಟಕ್ಕೇ ಅವರು ತಿಂಗಳು ಕಳೆದರು. ನಾನೋ, ಬೆಳಿಗ್ಗೆ ಹಾಕಿದ ಮೆಸೇಜಿಗೆ ಮಧ್ಯಾಹ್ನದೊಳಗೆ ಎರಡು ನೀಲಿ ಗೆರೆ ಬೀಳದಿದ್ದರೆ ಕ್ಯಾಂಪಸ್ ಪೊಲೀಸರ ನಂಬರು ಹುಡುಕುತ್ತೇನೆ.

ಮಾಗಡಿಯ ಸೋದರತ್ತೆಗೆ ಇದಕ್ಕಿಂತ ಬೇರೆ ಚಿಂತೆ. ಮಗನನ್ನು ಒಬ್ಬನನ್ನೇ ಕಾಲೇಜಿಗೆ ಕಳಿಸಿದರೆ ಏನು ಬೇಕಾದರೂ ಆಗಬಹುದು ಅನ್ನುವುದಕ್ಕೆ ಅವರ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. ವೀರಾಪುರದ ಹುಡುಗ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಓದಲು ಹೋದ. 1930ರಲ್ಲಿ ಕಾವಿ ಉಟ್ಟು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಆದರು. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. 'ಲೋಕಕ್ಕೆ ಪುಣ್ಯ ಕಣಪ್ಪ, ಆದ್ರೆ ಮಗ ಮನೇಗ್ ಬರ್ಲಿಲ್ವಲ್ಲ' ಅನ್ನುತ್ತಾರೆ ಅತ್ತೆ. ನನ್ನ ಮಗನ ಹಾಸಿಗೆಯ ಕೆಳಗಿನ ಬಟ್ಟೆರಾಶಿ ನೋಡಿದ್ದರೆ ಅವರಿಗೆ ಆ ಭಯ ಇರುತ್ತಿರಲಿಲ್ಲ. ಮಾಗಡಿಯವರಿಗೆ ಈಗ ಇನ್ನೊಂದು ಹೆಮ್ಮೆಯೂ ಇದೆ: ವಿದೇಶಕ್ಕೆ ಹೊರಡುವ ಮಕ್ಕಳನ್ನೆಲ್ಲ ದೇವನಹಳ್ಳಿಯ ಏರ್‌ಪೋರ್ಟಿನಲ್ಲಿ ನಮ್ಮ ಕೆಂಪೇಗೌಡರೇ 108 ಅಡಿ ಎತ್ತರ ನಿಂತು ಬೀಳ್ಕೊಡುತ್ತಾರೆ. ಹೆತ್ತವರನ್ನು ಕಾವಲಿನವರು ಬಾಗಿಲಲ್ಲೇ ತಡೆಯುತ್ತಾರೆ, ಕೆಂಪೇಗೌಡರಿಗೆ ತಡೆಯಿಲ್ಲ.

ಊರಿನ ವಿಷಯ ಬಂತು ಅಂತ ಹೇಳುತ್ತೇನೆ. ಅಮೆರಿಕಕ್ಕೆ ಬಂದಾಗಿನಿಂದ 'ನಿಮ್ಮೂರು ಯಾವುದು' ಅಂದವರಿಗೆಲ್ಲ ನಾನು 'ಬೆಂಗಳೂರು' ಅಂತಲೇ ಹೇಳಿಕೊಂಡು ಬಂದವನು. ಕನಕಪುರ ಅಂದರೆ ನಕ್ಷೆ ಬಿಡಿಸಬೇಕು. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಅಂತ ಹೆಸರಿಟ್ಟು ನನ್ನ ಸುಳ್ಳನ್ನು ಹಿಂದಿನಿಂದ ನಿಜ ಮಾಡಿತು. ಅವ್ವ ಮದುವೆಯಾಗಿ ಬಂದಾಗ ಆ ಮನೆ ಬೆಂಗಳೂರು ಜಿಲ್ಲೆಯಲ್ಲಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, ಈಗ ಇದು. ಮಗ, ಮೊಮ್ಮಗ ಖಂಡ ಬದಲಿಸಿಕೊಂಡು ಓಡಾಡಿದರೆ, ಅವಳು ಒಲೆ ಮುಂದಿನಿಂದ ಏಳದೆ ನಾಲ್ಕು ಜಿಲ್ಲೆ ಸುತ್ತಿದ್ದಾಳೆ.

ನೆಮ್ಮದಿಯೂ ಇತ್ತು ಅಂತ ಹೇಳದಿದ್ದರೆ ತಪ್ಪಾಗುತ್ತದೆ. ಕಾರಿನ ಪೆಟ್ರೋಲು ಹಾಕಿದಷ್ಟೇ ಇರುತ್ತಿತ್ತು. ಬಚ್ಚಲಿನಲ್ಲಿ ಬಿಸಿನೀರು ಸಿಗುತ್ತಿತ್ತು. ಮೊದಲ ವಾರ ಇಬ್ಬರೂ ಟಿವಿ ಮುಂದೆ ಕೂತು ಪೂರ್ತಿ ಒಂದು ಕನ್ನಡ ಸಿನಿಮಾ ನೋಡಿದೆವು. ಎರಡನೇ ವಾರ ರಿಮೋಟಿಗೆ ಜಗಳವಾಯಿತು. ಮೂರನೆಯದರಲ್ಲಿ ಗೊತ್ತಾಯಿತು: ಇಷ್ಟು ವರ್ಷ ನಾವಿಬ್ಬರೂ ಮಾತಾಡಿದ್ದೆಲ್ಲ ಅವನ ಬಗ್ಗೆಯೇ. ಈಗಲೂ ಅವನ ಬಗ್ಗೆಯೇ, ಆದರೆ ವಿಷಯ ಕಡಿಮೆ. ಹಾಗಾಗಿ ಫೋನಿನಲ್ಲಿ ಅವನ ಲೊಕೇಶನ್ನಿನ ಚುಕ್ಕಿ ನೋಡುವ ಚಟ ಹತ್ತಿತು. ರಾತ್ರಿ ಎರಡು ಗಂಟೆಗೆ ಚುಕ್ಕಿ ಲೈಬ್ರರಿಯಲ್ಲಿ. 'ಓದ್ತಾವ್ನೆ' ಅಂತ ನಾನು. 'ಲೈಬ್ರರಿ ಕೆಳಗೆ ಏನಿದೆ ನೋಡ್ರಿ' ಅಂತ ಅವಳು. ಪಿಜ್ಜಾ ಅಂಗಡಿಯಿರಬಹುದು ಅಂತ ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ, ಕೊನೆಗೆ ಬೆರಳು ತಾಗಿ ಅವನಿಗೇ ಕಾಲ್ ಹೋಯಿತು. ಮರುದಿನದಿಂದ ಚುಕ್ಕಿ ಇಲ್ಲ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಹಬ್ಬದೂಟದಲ್ಲಿ ವಿಚಾರಿಸಿದೆ. ನಮ್ಮ ಮೇಜಿನ ಗಂಡಸರಲ್ಲಿ ಚುಕ್ಕಿ ಉಳಿಸಿಕೊಂಡವನು ಒಬ್ಬನೂ ಇರಲಿಲ್ಲ.

ಅಕ್ಟೋಬರಿನ ಒಂದು ಶನಿವಾರ ಮಗ ಬಂದ, ಎರಡು ಚೀಲ ಒಗೆಯುವ ಬಟ್ಟೆ ಮತ್ತು ರೂಮ್‌ಮೇಟ್ ಸಮೇತ. ಆರೂಕಾಲು ಅಡಿಯ, ಅಯೋವಾದ ರೈತರ ಮನೆಯ ಹುಡುಗ. ಕೋಡುಬಳೆ, ಚಟ್ನಿಪುಡಿ ಎಲ್ಲ ಮುಗಿಸಿದ್ದು ಇವನೇ ಅಂತ ಗೊತ್ತಾಯಿತು. ಚಟ್ನಿಪುಡಿಯನ್ನು ಪಾಪ್‌ಕಾರ್ನಿಗೆ ಉದುರಿಸಿಕೊಳ್ಳುತ್ತಾನಂತೆ. ಹೆಂಡತಿಯ ಮುಖ ಅರಳಿತು. ರಾತ್ರಿ ಬಸ್ಸಾರು, ಮುದ್ದೆ. ನನ್ನ ಮಗ, ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದವನು, ಗೆಳೆಯನ ಮುಂದೆ ಎದೆ ಸೆಟೆಸಿ, ಇದು ನಮ್ಮ ಪೂರ್ವಿಕರ ಊಟ, ಇದಕ್ಕೊಂದು ಕ್ರಮ ಇದೆ ಅಂತ ಇಂಗ್ಲಿಷಿನಲ್ಲಿ ಉಪನ್ಯಾಸ ಶುರು ಮಾಡಿದ. ಅದೇ ಹೊತ್ತಿಗೆ ಕನಕಪುರದಲ್ಲಿ ಬೆಳಗಾಗಿ ಅಪ್ಪನ ವಿಡಿಯೋ ಕಾಲ್ ಬಂತು. ಹುಡುಗ ರೈತರವನು ಅಂದೆ. ಅಪ್ಪನಿಗೆ ಖುಷಿಯೋ ಖುಷಿ. 'ಜಮೀನ್ ಎಷ್ಟದೆ ಕೇಳ್ಲಾ?' ಕೇಳಿದೆ. ಸಾವಿರದ ಐನೂರು ಎಕರೆ ಅಂದ. ಅಪ್ಪ ಫೋನು ಕಿವಿಗೆ ಒತ್ತಿಕೊಂಡು, 'ಸರಿಯಾಗ್ ಕೇಳಿಸ್ತಿಲ್ಲ, ಇನ್ನೊಂದ್ ಸಲ ಹೇಳು' ಅಂದರು. ಮತ್ತೆ ಹೇಳಿದೆ.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನನ್ನು ಮುಖದ ಮುಂದೆ ಹಿಡಿದು ದಿಟ್ಟಿಸಿದರು. ಅತ್ತ ಆ ಹುಡುಗ ಮೊದಲ ತುತ್ತು ಬಾಯಿಗಿಟ್ಟು ಶ್ರದ್ಧೆಯಿಂದ ಅಗಿಯುತ್ತಿದ್ದ.

'ಅಯ್ಯೋ, ಅಗೀಬ್ಯಾಡ ಅನ್ಲಾ ಅವ್ನಿಗೆ!' ಅಂತ ಅಪ್ಪ ಕನಕಪುರದಿಂದ ಕೂಗಿದರು. 'ಸಾವ್ರದೈನೂರ್ ಎಕ್ರೆ ಮಡೀಕಂಡು ಮುದ್ದೆ ನುಂಗಾಕ್ ಬರಾಕಿಲ್ವಲ್ಲ!'