ಕಡೇ ಬಸ್ಸಿನ ಕಲಾಭಿಮಾನಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನವರಿಗೆ ಬಡತನದ ಚಪಲ ಹತ್ತುತ್ತದೆ. ಹನ್ನೊಂದು ತಿಂಗಳು ದುಡ್ಡಿನ ಮುಖ ನೋಡದೆ ಖರ್ಚು ಮಾಡಿದವರು, ಚಳಿ ಬಿದ್ದ ಕೂಡಲೇ ‘ಸಾವಿರದೊಳಗೊಂದು ಸಂಜೆ’ ಹುಡುಕುತ್ತ ಹೊರಡುತ್ತಾರೆ. ಸಾವಿರದೊಳಗೆ ನಾಟಕ, ಸಾವಿರದೊಳಗೆ ನಗೆ, ಸಾವಿರದೊಳಗೆ ಊಟ. ಮೂರೂ ಸೇರಿದರೆ ಮೂರು ಸಾವಿರ ಎಂಬುದನ್ನು ಮಾತ್ರ ಯಾರೂ ಕೂಡಿಸಿ ನೋಡುವುದಿಲ್ಲ. ಕೂಡಿಸಿದರೆ ಚಳಿ ಹೋಗಿ ಜ್ವರ ಬರುತ್ತದೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಚಳಿಗಾಲ ಎಂದರೆ ಬಿಸಿಲು ತಗೊಳ್ಳುವ ಸಣ್ಣ ರಜೆ. ತೊಗರಿ ರಾಶಿ ಆಗುವುದು ಆಗಲೇ, ಕಬ್ಬು ಕಡಿಯುವುದು ಆಗಲೇ, ಬಿಳಿಜೋಳದ ತೆನೆ ಹಾಲು ತುಂಬುವುದೂ ಆಗಲೇ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಎಂದು ದಿಲ್ಲಿಯಲ್ಲಿ ಘೋಷಣೆಯಾಯಿತು. ದಿಲ್ಲಿಯ ದನಿ ಇಲ್ಲಿನ ಅಡತಿ ಅಂಗಡಿಯ ತನಕ ಕೇಳಿಸಿದರೆ ರೈತನ ಜೇಬಿನಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಕಾಸು ಓಡಾಡಿದ ಮೇಲೆ ನಮಗೂ ಒಂದು ನಾಟಕ ನೋಡಬೇಕು, ನಾಲ್ಕು ಮಂದಿ ಕೂತು ನಗಬೇಕು, ಮಿರ್ಚಿ ತಿನ್ನಬೇಕು ಅನಿಸುವುದು ತಪ್ಪೇನಲ್ಲ.

“ಕಾಕಾ, ಥಂಡ್ಯಾಗ ಒಂದ್ ಸಲ ಬರ್ರಿ. ಭಾಳ ಸಸ್ತಾದಾಗ ಬೆಂಗಳೂರ ತೋರಸ್ತೀನಿ,” ಅಂದ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಣ್ಣನ ಮಗ. ಸಸ್ತಾ ಎಂಬ ಮಾತಿಗೆ ಸೋಲದವನು ಕಲಬುರಗಿ ಜಿಲ್ಲೆಯವನೇ ಅಲ್ಲ. ಹೋದೆ.

ಮೊದಲ ಸಂಜೆ ನಗೆ. ಒಂದು ನೆಲಮಾಳಿಗೆ, ಪ್ಲಾಸ್ಟಿಕ್ ಕುರ್ಚಿ, ತಲೆಗೆ 499 ರೂಪಾಯಿ. ಐನೂರು ಅಂದರೆ ತುಟ್ಟಿ, 499 ಅಂದರೆ ಸಸ್ತಾ. ಆ ಒಂದು ರೂಪಾಯಿಯಲ್ಲೇ ಮಹಾನಗರದ ಅರ್ಥಶಾಸ್ತ್ರವೆಲ್ಲ ನಿಂತಿದೆ. ವೇದಿಕೆಯ ಹುಡುಗ ಮುಂದಿನ ಸಾಲಿನವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಊರು ಕೇಳಿ, ಕೆಲಸ ಕೇಳಿ, ಮದುವೆ ಯಾಕೆ ಆಗಿಲ್ಲ ಎಂದು ಕೇಳಿ ಮರ್ಯಾದೆ ತೆಗೆಯುತ್ತಿದ್ದ. ಇದೇ ಕೆಲಸವನ್ನು ನಮ್ಮ ಸೋದರತ್ತೆ ಯಾವ ಮದುವೆ ಮಂಟಪದಲ್ಲಾದರೂ ಪುಕ್ಕಟೆ ಮಾಡುತ್ತಾಳೆ, ಮೇಲೆ ಊಟಕ್ಕೂ ಕರೆಯುತ್ತಾಳೆ. ನಮ್ಮ ಹುಡುಗನ ಪಾಳಿ ಬಂತು. ಊರು? ಆಳಂದ. “ಹಾಲೆಂಡಾ?” ಎಂದು ಕೇಳಿತು ವೇದಿಕೆ. ಇಡೀ ನೆಲಮಾಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಹುಡುಗನೂ ನಕ್ಕ, ದುಡ್ಡು ಕೊಟ್ಟಿದ್ದನಲ್ಲ.

ಮರುದಿನ ಮಲ್ಟಿಪ್ಲೆಕ್ಸ್. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ ಸಿನಿಮಾ ಟಿಕೆಟ್ 200 ರೂಪಾಯಿ ದಾಟಬಾರದೆಂದು ನಿಯಮ ತಂದಿತು. ಹದಿನೈದು ದಿನ ತುಂಬುವ ಮೊದಲೇ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ನಮ್ಮ ನಾಡಿನಲ್ಲಿ ಅಗ್ಗ ಎಂಬುದಕ್ಕೆ ಸಿಗುವ ಆಯುಷ್ಯ ಅಷ್ಟು. ಟಿಕೆಟ್ಟಿನ ಮಾತು ಬಿಡಿ, ಒಳಗೆ ಮೆಕ್ಕೆಜೋಳದ ಅರಳಿನ ಅಂಗಡಿ ಇತ್ತು. ಅಂಗೈಯಲ್ಲಿ ಹಿಡಿಸುವ ಡಬ್ಬಿಗೆ ಇನ್ನೂರರ ಮೇಲೆ. ಮೆಕ್ಕೆಜೋಳಕ್ಕೆ ಆ ವರ್ಷ ಸರಕಾರ ಗೊತ್ತು ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 2,400, ಅಂದರೆ ಕಿಲೋಗೆ 24 ರೂಪಾಯಿ. ಆ 24 ಸಹ ಕೈಗೆ ಬರಲಿಲ್ಲವೆಂದು ಅದೇ ವರ್ಷ ರೈತರು ರಸ್ತೆಗೆ ಇಳಿದಿದ್ದರು. ಅವರು ಮಾಡಿದ ತಪ್ಪು ಒಂದೇ, ಬೆಳೆದ ಕಾಳಿಗೆ ಉಪ್ಪು ಹಚ್ಚಿ, ಕತ್ತಲೆ ಕೋಣೆಯ ಹೊರಗೆ ನಿಂತು ಮಾರಲಿಲ್ಲ.

ಆ ಮಲ್ಟಿಪ್ಲೆಕ್ಸ್ ಇದ್ದ ಮಾಲಿನ ಬಾಗಿಲಲ್ಲಿ ನಿಂತು ಮೇಲೆ ನೋಡಿದಾಗ ಇನ್ನೊಂದು ನೆನಪಾಯಿತು. ಮಳೆ ಕೈ ಕೊಟ್ಟ ವರ್ಷ ನಮ್ಮ ಮೂರೂ ತಾಲ್ಲೂಕಿನ ಹಳ್ಳಿ, ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗಂಟುಮೂಟೆ ಕಟ್ಟುವವರೆಲ್ಲ ಸೇರುವುದು ಇಂಥ ಕಟ್ಟಡಗಳ ಕೆಲಸಕ್ಕೇ. ಸೆಂಟ್ರಿಂಗ್ ಹೊಡೆಯುವವರು ಅವರು, ಇಟ್ಟಿಗೆ ಹೊರುವವರು ಅವರು. ಕಟ್ಟುವಾಗ ಎಲ್ಲ ಅಂತಸ್ತಿಗೂ ಹತ್ತಿ ಇಳಿದವರು, ಕಟ್ಟಿದ ಮೇಲೆ ಕೆಳಗಿನ ಮೆಟ್ಟಿಲೂ ತುಳಿಯುವುದಿಲ್ಲ. ಸಸ್ತಾ ಸಂಜೆಗಳ ಪಟ್ಟಿ ಮಾಡುವವರು ಇವರ ದಿನಗೂಲಿಯನ್ನು ಮುಂದಿಟ್ಟುಕೊಂಡು ಒಮ್ಮೆ ಪಟ್ಟಿ ಬರೆಯಲಿ, ಕಾಗದ ಖಾಲಿ ಉಳಿಯುತ್ತದೆ. ಉಳಿದರೆ ಇಂದಿರಾ ಕ್ಯಾಂಟೀನ್ ಒಂದು ಉಳಿದೀತು. 2017ರಲ್ಲಿ ಶುರುವಾದಾಗ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ. ಅಲ್ಲಿ ಸೆಲ್ಫಿ ಚಂದ ಬರುವುದಿಲ್ಲವಾದ್ದರಿಂದ ಅದನ್ನು ಯಾರೂ ‘ಚಳಿಗಾಲದ ಊಟದ ಅನುಭವ’ ಎಂದು ಹೊಗಳುವುದಿಲ್ಲ.

ರಂಗಶಂಕರದ ಮೇಲೆ ವ್ಯಂಗ್ಯ ಮಾಡಬೇಕೆಂದೇ ಹೋದವನು ನಾನು, ಸಿಗಲಿಲ್ಲ. 2004ರಲ್ಲಿ ಜೆ.ಪಿ. ನಗರದಲ್ಲಿ ಬಾಗಿಲು ತೆರೆದ ಈ ರಂಗಮಂದಿರದಲ್ಲಿ ಟಿಕೆಟ್ ಕೈಗೆಟುಕುತ್ತದೆ, ಅಕ್ಕಿರೊಟ್ಟಿ ಬಾಯಿಗೆಟುಕುತ್ತದೆ. ನಾಟಕ ಹೇಳಿದ ಹೊತ್ತಿಗೆ ಶುರು. ತಡವಾಗಿ ಬಂದವರು ಯಾರೇ ಆಗಿರಲಿ, ಹೊರಗೆ. ನಮ್ಮ ಕಡೆಯ ಮುಖ್ಯ ಅತಿಥಿಗಳನ್ನು ಆ ಊರಿಗೆ ಕಳಿಸಿದರೆ ಜನ್ಮದಲ್ಲಿ ಒಂದು ನಾಟಕವನ್ನೂ ನೋಡಲಾರರು. ಹಾಂ, ನಾಟಕ ಬಿಟ್ಟ ಮೇಲೆ ಮನೆ ಸೇರಲು ಆಟೋದವನಿಗೆ ಕೊಟ್ಟದ್ದು ಟಿಕೆಟ್ಟಿಗಿಂತ ಹೆಚ್ಚು. ಈ ಮಾತನ್ನು ಗಂಟು ಹಾಕಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಡೆಯ ಸಸ್ತಾ ನೋಡಿ. ಎಳ್ಳ ಅಮಾಸಿ ದಿನ ಆಳಂದದಿಂದ ಜೇವರ್ಗಿ ತನಕ ಮನೆಗಳಿಗೆ ಬೀಗ, ಹೊಲಗಳಿಗೆ ಜಾತ್ರೆ. ಸಜ್ಜಿ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಹತ್ತಾರು ಕಾಳು, ಸೊಪ್ಪು ಕೂಡಿ ಕುದಿಸಿದ ಭಜ್ಜಿ, ಮೇಲೆ ಅಂಬಲಿ. ಹೊಲಕ್ಕೆ ಚರಗ ಚೆಲ್ಲಿ, ಹಾದಿಯಲ್ಲಿ ಹೋಗುವವರನ್ನು ಕೈ ಹಿಡಿದು ಎಳೆದು ಉಣ್ಣಿಸುತ್ತಾರೆ. ಜಾತಿ ಕೇಳುವ ಚಟ ಆ ಒಂದು ದಿನ ಸ್ವಲ್ಪ ಕಡಿಮೆ ಇರುತ್ತದೆ, ಪೂರ್ತಿ ಹೋಗುತ್ತದೆ ಎಂದರೆ ಸುಳ್ಳಾದೀತು. ಮುಂದೆ ಜನವರಿಯಲ್ಲಿ ಸೀತನಿ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲ, ಒಣಕೊಬ್ಬರಿ, ಶೇಂಗಾ ಹಿಂಡಿ ಜೊತೆ ಬಾಯಿಗೆ. ಇದನ್ನೇ ಗಡಿ ದಾಟಿ ಸೊಲ್ಲಾಪುರ, ಪುಣೆ ಕಡೆ ಹೋದರೆ ‘ಹುರಡಾ ಪಾರ್ಟಿ’ ಎನ್ನುತ್ತಾರೆ. ತೋಟದಲ್ಲಿ ಹೊರಸು ಹಾಕಿ, ತಲೆಗೆ ಇಷ್ಟು ಎಂದು ವಸೂಲು ಮಾಡಿ, ಎತ್ತಿನ ಗಾಡಿ ಹತ್ತಿಸಿ ಫೋಟೋ ತೆಗೆಸುತ್ತಾರೆ. ನಮ್ಮ ರೈತ ತಾನು ಬೆಳೆದದ್ದನ್ನು ಪುಕ್ಕಟೆ ಹಂಚಿ, ಆ ಫೋಟೋ ನೋಡಿ, “ಎಷ್ಟ್ ಛಂದ ಅದಲ್ಲ, ನಾವೂ ಒಮ್ಮೆ ಹೋಗ್ಬೇಕು” ಅಂತಾನೆ.

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಬಂದರೆ ಊಟದ ಬಿಲ್ಲನ್ನು ಅಹಂಕಾರದಲ್ಲಿ ಕಟ್ಟಬೇಕು. ಭೀಮಾ, ಅಮರಜಾ ಕೂಡುವ ಆ ಊರಿನಲ್ಲಿ ಮಧ್ಯಾಹ್ನ ಭಕ್ತರು ಜೋಳಿಗೆ ಹಿಡಿದು ಮಾಧುಕರಿ ಬೇಡುತ್ತಾರೆ. ದತ್ತಾತ್ರೇಯನೂ ಯಾವುದೋ ರೂಪದಲ್ಲಿ ಅದೇ ಹೊತ್ತಿಗೆ ಭಿಕ್ಷೆಗೆ ಬರುತ್ತಾನೆ ಎಂಬ ನಂಬಿಕೆ. ಡಿಸೆಂಬರಿನ ದತ್ತ ಜಯಂತಿಯಲ್ಲಿ ಮಹಾರಾಷ್ಟ್ರದ ದೊಡ್ಡ ದೊಡ್ಡ ಕುಳಗಳು ಚಪ್ಪಲಿ ಬಿಟ್ಟು ಮನೆ ಮನೆ ಬಾಗಿಲಲ್ಲಿ ನಿಲ್ಲುವುದನ್ನು ನೋಡಬೇಕು. ಭಿಕ್ಷೆ ಬೇಡಲು ಬಂದವರ ಕಾರು ನಿಲ್ಲಿಸಲು ಊರಲ್ಲಿ ಜಾಗವಿರುವುದಿಲ್ಲ.

ಸಂಗೀತಕ್ಕೂ ಕೊರತೆಯಿಲ್ಲ. ಹಾವಳಗಾ, ಭೂಸನೂರು ಸಕ್ಕರೆ ಕಾರ್ಖಾನೆಗಳ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ನಡುರಾತ್ರಿ ಊರು ದಾಟುವಾಗ ಮಲಗಿದ ಕೂಸುಗಳೂ ಎದ್ದು ಕುಣಿಯುತ್ತವೆ. ಟಿಕೆಟ್ ಇಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ.

ಆದರೆ ನಮ್ಮ ಸೀಮೆಯ ನಿಜವಾದ ಚಳಿಗಾಲ ನಾಟಕದ್ದು. ಊರ ಜಾತ್ರೆ ಗೊತ್ತಾಯಿತೆಂದರೆ ಹುಡುಗರು ಮಾಸ್ತರನನ್ನು ಹಿಡಿದು, ಪೆಟ್ಟಿಗೆ ಬಾಜಾ ತಂದು, ರಾತ್ರಿ ತಾಲೀಮು ಶುರು ಮಾಡುತ್ತಾರೆ. ನಾಟಕದ ಹೆಸರಿನಲ್ಲಿ ಹುಲಿ, ಸಿಂಹ, ಸೇಡು, ಸೆರಗು ಈ ನಾಲ್ಕರಲ್ಲಿ ಎರಡಾದರೂ ಇರಲೇಬೇಕು. ಖಳನಾಯಕ ಗೌಡ ಎಂಬುದು ಸಂವಿಧಾನದಷ್ಟೇ ಖಾಯಂ. ಬಡವರ ಹೊಲ ನುಂಗುವವನು, ಕಂಡವರ ಮನೆ ಹಾಳು ಮಾಡುವವನು, ಮೀಸೆ ತಿರುವುವವನು. ಆ ಊರಿನ ಖರೇ ಗೌಡರು ಎಲ್ಲಿರುತ್ತಾರೆ ಎನ್ನುತ್ತೀರಿ? ಮುಂದಿನ ಸಾಲಿನ ಕುರ್ಚಿಯಲ್ಲಿ, ಉದ್ಘಾಟಕರಾಗಿ. ವೇದಿಕೆಯ ಗೌಡ ಹೊಲದ ಪತ್ರಕ್ಕೆ ಬಡವನ ಹೆಬ್ಬೆಟ್ಟು ಒತ್ತಿಸಿಕೊಂಡ ಕ್ಷಣವೇ ಮೈಕು ಗುಡುಗುತ್ತದೆ: “ಈ ಪಾತ್ರಕ್ಕ ಮೆಚ್ಚಿ ನಮ್ಮೂರ ಗೌಡ್ರು ಐನೂರಾ ಒಂದು ರೂಪಾಯಿ ಆಯೇರಿ ಮಾಡ್ಯಾರ!” ಪಾತ್ರದ ಗೌಡ ಬಗ್ಗಿ ನಮಸ್ಕರಿಸುತ್ತಾನೆ, ಖರೇ ಗೌಡರು ಕೈ ಎತ್ತುತ್ತಾರೆ. ಮೆಚ್ಚಿದ್ದು ನಟನೆಯನ್ನೋ ವಿಧಾನವನ್ನೋ ಯಾರೂ ಕೇಳುವುದಿಲ್ಲ. ಗುಂಡು ತಿಂದು ಸಾಯುತ್ತಿರುವ ನಾಯಕನೂ ಅಷ್ಟೇ. ನೂರಾ ಒಂದು ಎಂಬ ಕೂಗು ಬಿದ್ದರೆ ಎದ್ದು ಬಂದು ನೋಟು ತಗೊಂಡು, ಕೈ ಮುಗಿದು, ಹೋಗಿ ಮತ್ತೆ ಸಾಯುತ್ತಾನೆ.

ಕಂಪನಿ ನಾಟಕದ ಕತೆ ಬೇರೆ. ಬನದ ಹುಣ್ಣಿಮೆಯ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಟೆಂಟುಗಳು ಸಾಲಾಗಿ ನಿಂತು ರಾತ್ರಿಯೆಲ್ಲ ಆಟದ ಮೇಲೆ ಆಟ ಆಡುತ್ತವೆ. ಪಿ.ಬಿ. ಧುತ್ತರಗಿಯವರು ಬರೆದ ‘ಸಂಪತ್ತಿಗೆ ಸವಾಲ್’ ಇಂಥ ಟೆಂಟುಗಳಲ್ಲಿ ಗೆದ್ದೇ 1974ರಲ್ಲಿ ರಾಜಕುಮಾರರ ಸಿನಿಮಾ ಆಯಿತು. ವಿಜಯಪುರ ಜಿಲ್ಲೆಯ ರಾಜು ತಾಳಿಕೋಟೆ ‘ಕಲಿಯುಗದ ಕುಡುಕ’ನಾಗಿ ನಗಿಸಿದ್ದು ಕ್ಯಾಸೆಟ್ಟಿನಲ್ಲಿ ಚಹಾದ ಅಂಗಡಿಗಳನ್ನು ಸುತ್ತಿತು. 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರು ಧಾರವಾಡ ರಂಗಾಯಣದ ನಿರ್ದೇಶಕರು. ಟೆಂಟಿನ ನಗೆಯಲ್ಲಿ ಎರಡರ್ಥದ ಮಾತು ಹೆಚ್ಚಾಯಿತು, ಮನೆ ಮಂದಿ ಕೂತು ನೋಡುವಂತಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತಿನಲ್ಲಿ ಖರೇ ಇದೆ. ಅದೇ ಮಂದಿ ಬೆಂಗಳೂರಿನ ನೆಲಮಾಳಿಗೆಯಲ್ಲಿ ಒಂದೇ ಅರ್ಥದ ಮಾತನ್ನು ಇಂಗ್ಲಿಷಿನಲ್ಲಿ ಕೇಳಿ ಚಪ್ಪಾಳೆ ಹೊಡೆಯುವುದೂ ಖರೇ.

ಇಷ್ಟಿದ್ದರೂ ವರ್ಷಕ್ಕೊಮ್ಮೆ ದೊಡ್ಡ ಊರಿಗೆ ಹೋಗಿ ಒಂದು ಒಳ್ಳೆ ನಾಟಕ ನೋಡುವ ಆಸೆ ಯಾರಿಗಿಲ್ಲ? ನಮ್ಮ ದೊಡ್ಡ ಊರು ಕಲಬುರಗಿ. ಅಲ್ಲಿ ರಂಗಾಯಣ ಇದೆ. ಆ ಊರಿನಲ್ಲೇ 1916ರಲ್ಲಿ ಹುಟ್ಟಿದ ಚಿತ್ರಕಲಾವಿದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರ ಇದೆ. ಟಿಕೆಟ್ ಅಗ್ಗ, ಎಷ್ಟೋ ಸಲ ಪುಕ್ಕಟೆ. ನಾಟಕದ ಟಿಕೆಟ್ 500 ರೂಪಾಯಿ ದಾಟದಿದ್ದರೆ ಜಿ.ಎಸ್.ಟಿ. ಕೂಡ ಇಲ್ಲ. ಆಳಂದ, ಜೇವರ್ಗಿ 40 ಕಿಲೋಮೀಟರಿನ ಆಸುಪಾಸು, ಅಫಜಲಪುರ 60ರ ಮೇಲೆ. ಕಾಗದದ ಮೇಲೆ ಇದಕ್ಕಿಂತ ಸಸ್ತಾ ಸಂಜೆ ಇಡೀ ಕರ್ನಾಟಕದಲ್ಲಿ ಇಲ್ಲ.

ಕಾಗದ ಅಂದರೆ ಆಮಂತ್ರಣ ಪತ್ರಿಕೆ. ನಾನು ಹೇಳುತ್ತಿರುವುದು ಯಾವುದೋ ಒಂದು ಸಭಾಂಗಣದ ದೂರಲ್ಲ, ರಾಜ್ಯದ ಯಾವ ಜಿಲ್ಲಾ ಕೇಂದ್ರಕ್ಕಾದರೂ ಒಪ್ಪುವ ಮಾತು. ಪತ್ರಿಕೆಯಲ್ಲಿ ಸಂಜೆ ಐದೂವರೆ ಎಂದಿರುತ್ತದೆ. ಐದೂವರೆಗೆ ಬಂದವರು ಹೊರಗಿನ ತಾಲ್ಲೂಕಿನವರು ಮತ್ತು ಕುರ್ಚಿ ಜೋಡಿಸುವವರು. ಆರೂವರೆಗೆ ಅಧ್ಯಕ್ಷರು ಬರುತ್ತಾರೆ. ಏಳಕ್ಕೆ ‘ಉದ್ಘಾಟಕರು ಹಾದಿಯಲ್ಲಿದ್ದಾರೆ’ ಎಂಬ ಸಿಹಿ ಸುದ್ದಿ ಬರುತ್ತದೆ. ಆಮೇಲೆ ನಾಡಗೀತೆ, ದೀಪ, ಗಾಳಿಗೆ ಆರಿದ ದೀಪಕ್ಕೆ ಮತ್ತೆ ಕಡ್ಡಿ, ಸ್ವಾಗತ, ಪ್ರಾಸ್ತಾವಿಕ, ಹೂಗುಚ್ಛ, ಶಾಲು, ಶಾಲು ಹೊದಿಸಿದವರಿಗೇ ಇನ್ನೊಂದು ಶಾಲು. “ಸಮಯದ ಅಭಾವ ಇರುವುದರಿಂದ ಎರಡೇ ಮಾತು” ಎಂದು ಎದ್ದ ಅತಿಥಿಗಳು ರಂಗಭೂಮಿಗೆ ಪ್ರೇಕ್ಷಕರಿಲ್ಲ ಎಂಬ ಒಂದೇ ವಿಷಯದ ಮೇಲೆ ಮುಕ್ಕಾಲು ತಾಸು ಕೊರಗುತ್ತಾರೆ. ಪ್ರೇಕ್ಷಕ ಅಷ್ಟು ಹೊತ್ತಿಗೆ ಕೈಗಡಿಯಾರ ನೋಡಿ, ಚಪ್ಪಲಿ ಕಾಲಿಗೆ ಸಿಕ್ಕಿಸಿ, ಕುರ್ಚಿಯ ಅಂಚಿಗೆ ಬಂದಿರುತ್ತಾನೆ. ಪರದೆ ಎದ್ದು ನಾಯಕ ಮೊದಲ ಮಾತು ಆಡುವುದಕ್ಕೂ ಅಫಜಲಪುರದವರು ಬಸ್ ಸ್ಟ್ಯಾಂಡಿಗೆ ಓಡುವುದಕ್ಕೂ ಸರಿ ಹೋಗುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೂ ಸೊಗಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಬಸ್ಸು ಪುಕ್ಕಟೆ. ನಾಟಕ ಪುಕ್ಕಟೆ, ಬಸ್ಸು ಪುಕ್ಕಟೆ, ಲೋಕದಲ್ಲಿ ಇದಕ್ಕಿಂತ ಸಸ್ತಾ ಏನಿದೆ? “ಟಿಕೇಟ್ ಝೀರೋ ಅದರೀ ಅಣ್ಣಾರ, ಖರೇ. ರಾತ್ರಿ ಹತ್ತಕ್ಕ ಬಸ್ಸೂ ಝೀರೋನೇ,” ಅಂದಳು ಜೇವರ್ಗಿ ಕಡೆಯ ಅಕ್ಕನೊಬ್ಬಳು, ಅರ್ಧ ನಾಟಕಕ್ಕೆ ಎದ್ದು ಹೊರಟಾಗ. ಇನ್ನು ಉಳಿದರೆ ಲಾಡ್ಜು, ಇಲ್ಲ ಬಾಡಿಗೆ ಜೀಪು. ಐವತ್ತರ ನಾಟಕಕ್ಕೆ ಎರಡು ಸಾವಿರದ ಜೀಪು ಮಾಡಿಕೊಂಡು ಮನೆಗೆ ಹೋದರೆ ಅವ್ವ ಆಡುವ ನಾಟಕ ಬೇರೆ.

ಆದ್ದರಿಂದ ಚಳಿಗಾಲದ ಸಂಘಟಕರಲ್ಲಿ ಒಂದು ಅರಿಕೆ. ಟಿಕೆಟ್ ದರ ಇನ್ನಷ್ಟು ಇಳಿಸಿ ಉಪಕಾರ ಮಾಡಬೇಡಿ, ಅದು ಈಗಾಗಲೇ ನೆಲಕ್ಕೆ ತಾಗಿದೆ. ನಾಟಕ ಮೊದಲು ಆಡಿಸಿ, ಭಾಷಣವನ್ನು ಆಮೇಲೆ ಇಡಿ. ಬೇಕಾದರೆ ಭಾಷಣಕ್ಕೆ ಬೇರೆ ಟಿಕೆಟ್ ಮಾರಿ, 499ಕ್ಕೆ, ಯಾರು ಕೊಳ್ಳುತ್ತಾರೋ ನೋಡೋಣ. ಸಾರಿಗೆಯವರೇ, ನಾಟಕವಿದ್ದ ದಿನ ರಾತ್ರಿ ಹತ್ತಕ್ಕೆ ಕಲಬುರಗಿಯಿಂದ ಆಳಂದ, ಅಫಜಲಪುರ, ಜೇವರ್ಗಿಗೆ ಒಂದೊಂದು ಬಸ್ಸು ಬಿಡಿ. ಬೋರ್ಡಿನ ಮೇಲೆ ‘ನಾಟಕ ಬಿಟ್ಟ ಮೇಲೆ’ ಎಂದು ಬರೆಯಿರಿ, ಜಾಗ ಹಿಡಿಯಲು ಕಿಟಕಿಯಿಂದ ಟವೆಲ್ ಎಸೆಯುವ ಕೆಲಸ ನಾವು ನೋಡಿಕೊಳ್ಳುತ್ತೇವೆ.